ಎರಡು ರೂಪಾಯಿಯ ಲಾಂಜಿಗೆ ಇಡೀ ಮನೆ ಜಗಳ

"ಎಲ್ಲರಿಗೂ ತಿಳಿಸಿ!! ವಿಮಾನ ಹತ್ತುವ ಮೊದಲು ಏರ್‌ಪೋರ್ಟ್ ಲಾಂಜಿನಲ್ಲಿ ಇಡೀ ಕುಟುಂಬಕ್ಕೆ ಹೊಟ್ಟೆ ತುಂಬ ಊಟ, ಸೋಫಾ, ವೈಫೈ. ಬರೀ 2 ರೂಪಾಯಿ! ಯಾವ ಎಟಿಎಂ ಕಾರ್ಡ್ ಆದರೂ ನಡೆಯುತ್ತದೆ. ಬ್ಯಾಂಕಿನವರು ಇದನ್ನು ಹೇಳುವುದಿಲ್ಲ. ಕೆಳಗಿನ ಲಿಂಕ್ ಒತ್ತಿ, ಪಾಸ್ ಪಡೆಯಿರಿ."

ಬೆಳ್ಳಂಬೆಳಿಗ್ಗೆ ದೊಡ್ಡಪ್ಪ ಇದನ್ನು ನಮ್ಮ ಕುಟುಂಬದ ಗುಂಪಿಗೆ ಹಾಕಿದರು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದ ಮೆಸೇಜು. ಮುಂದಿನ ತಿಂಗಳು ನಾವು ಒಂಬತ್ತು ಜನ ಬೆಂಗಳೂರಿನಿಂದ ಕಾಶಿಗೆ ಹೊರಟಿದ್ದೇವೆ. ಅಜ್ಜಿಗೆ ಇದು ಮೊದಲ ವಿಮಾನ. ಜೊತೆಗೆ ಅಕ್ಕನ ಇಬ್ಬರು ಮಕ್ಕಳು, ದೊಡ್ಡವನಿಗೆ ಐದು ವರ್ಷ, ಚಿಕ್ಕದಕ್ಕೆ ಒಂದೂವರೆ. ಏರ್‌ಪೋರ್ಟಿನಲ್ಲಿ ಕಾಫಿಗೆ ಎಷ್ಟು ಕೀಳುತ್ತಾರೋ ಎಂಬ ಭಯ ಎಲ್ಲರಿಗೂ ಇತ್ತು. ಆ ಭಯಕ್ಕೆ ಸರಿಯಾಗಿ ಈ ಮೆಸೇಜು ಬಂತು. ಪೂರ್ತಿ ಓದಿದವರು ಯಾರೂ ಇಲ್ಲ.

ಹಾಸನದ ಚಿಕ್ಕಮ್ಮ: ತುಂಬಾ ಒಳ್ಳೆಯ ಮಾಹಿತಿ ಭಾವ 🙏🙏

ಮೈಸೂರಿನ ಅತ್ತೆ: ನಾನು ಹೋದ ವರ್ಷವೇ ಹೇಳಿದ್ದೆ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮ (ಚಿಕ್ಕಪ್ಪನ ಮಗ): ಇದರ ಮೂಲ ಯಾವುದು ದೊಡ್ಡಪ್ಪ? ಯಾವ ಬ್ಯಾಂಕು, ಯಾವ ಕಾರ್ಡು? ಸುಮ್ನೆ "ಯಾವ ಕಾರ್ಡ್ ಆದರೂ" ಅಂದರೆ ಹೇಗೆ?

ದೊಡ್ಡಪ್ಪ: ನನ್ನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರು ಕಳಿಸಿದ್ದು. ಅವರು ಸುಳ್ಳು ಹೇಳುವ ಪೈಕಿ ಅಲ್ಲ.

ತಮ್ಮ: 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ ಅಂತ ಕಳಿಸಿದ್ದೂ ಅವರೇ ಅಲ್ವಾ?

ಅಲ್ಲಿಗೆ ಲಾಂಜಿನ ಮಾತು ಮುಗಿಯಿತು. ದೊಡ್ಡಪ್ಪ ಉದ್ದಕ್ಕೆ ಬರೆದರು. ದೊಡ್ಡವರ ಹತ್ತಿರ ಮಾತನಾಡುವ ರೀತಿ ಇದಲ್ಲ, ಉಳಿತಾಯ ಅಂದರೆ ಈಗಿನವರಿಗೆ ಹಗುರ, ನಾವು ಒಂದೇ ಸೈಕಲ್ಲಿನಲ್ಲಿ ಮೂರು ಜನ ಸ್ಕೂಲಿಗೆ ಹೋದವರು, ಹೀಗೆ. ಚಿಕ್ಕಪ್ಪ ಮಗನಿಗೆ "ಕ್ಷಮೆ ಕೇಳು" ಎಂದು ಗುಂಪಿನಲ್ಲೇ ಹೇಳಿದರು. ಅವನು ಕೇಳಲಿಲ್ಲ. ಅಷ್ಟರಲ್ಲಿ ಅತ್ತೆ ಹಳೆಯ ಲೆಕ್ಕ ತೆಗೆದರು.

ಅತ್ತೆ: ಉಳಿತಾಯದ ಮಾತು ಬಂತಲ್ಲ, ಕೇಳುತ್ತೇನೆ. ತಿರುಪತಿಗೆ ಹೋದಾಗ ಟೆಂಪೊ ಟ್ರಾವೆಲರ್ ಬಾಡಿಗೆ ಪೂರ್ತಿ ನಾನು ಕೊಟ್ಟೆ. ನಿಮ್ಮ ಪಾಲು ಇವತ್ತಿಗೂ ಬಂದಿಲ್ಲ.

ಚಿಕ್ಕಪ್ಪ: ಊಟದ ಬಿಲ್ಲು ಯಾರು ಕೊಟ್ಟಿದ್ದು ಅಕ್ಕ? ಅದನ್ನೂ ಹೇಳು.

ಅತ್ತೆ: ಊಟ! ಅದೊಂದು ಊಟವಾ?

ಶಿವಮೊಗ್ಗದ ಅಣ್ಣನಿಗೆ ಜಗಳ ಆಗುವುದಿಲ್ಲ. ಜಗಳ ಶುರುವಾದ ಕೂಡಲೇ ಹಳೆಯ ಕಾಲಕ್ಕೆ ಹೊರಟುಬಿಡುತ್ತಾನೆ. ಈ ಸಲ ಒಂದು ದೊಡ್ಡ ವಾಯ್ಸ್ ನೋಟ್ ಬಂತು. ದೇವನಹಳ್ಳಿಯ ಏರ್‌ಪೋರ್ಟ್ 2008ರಲ್ಲಿ ಶುರುವಾಗುವ ಮೊದಲು ವಿಮಾನಗಳೆಲ್ಲ ಎಚ್‌ಎಎಲ್‌ನ ಹಳೆಯ ಏರ್‌ಪೋರ್ಟಿನಿಂದ ಹಾರುತ್ತಿದ್ದವು. ಅಲ್ಲಿ ವಿಸಿಟರ್ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಯಾರನ್ನೋ ಕಳಿಸಲು ಬಂದವರ ಹಾಗೆ ನಿಂತು, ವಿಮಾನ ನೋಡಿ ಬಂದದ್ದನ್ನು ಹೇಳಿದ. ಆಮೇಲೆ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಕಾಶಿಗೆ ಹೋದ ಕಥೆ. ಕಾಶಿಯ ಹತ್ತಿರದ ಮೊಘಲ್‌ಸರಾಯ್ ಸ್ಟೇಷನ್ನಿನಲ್ಲಿ ಇಳಿಯುವ ತನಕವೂ ಅಜ್ಜಿಯ ಪುಳಿಯೋಗರೆ ಗೊಜ್ಜು ಮುಗಿದಿರಲಿಲ್ಲವಂತೆ. ಎಲ್ಲರೂ ಹೃದಯ ಒತ್ತಿದರು. ದೊಡ್ಡಪ್ಪನೂ ಒತ್ತಿದರು.

ಆ ಹೃದಯಗಳ ನಡುವೆ ಚಿಕ್ಕಮ್ಮನ ಎರಡು ಫೋಟೋ ಬಂದವು.

ಚಿಕ್ಕಮ್ಮ: ನನ್ನದು ಈ ಕಾರ್ಡು. ಇದು ನಡೆಯುತ್ತದಾ ನೋಡಿ.

ಒಂದರಲ್ಲಿ ಕಾರ್ಡಿನ ಮುಂಭಾಗ, ಇನ್ನೊಂದರಲ್ಲಿ ಹಿಂಭಾಗ. ಹದಿನಾರು ಅಂಕಿ, ತಿಂಗಳು ವರ್ಷ, ಹಿಂದಿನ ಮೂರು ಅಂಕಿ, ಎಲ್ಲ ಸ್ಪಷ್ಟ. ಬೆಳಕು ಚೆನ್ನಾಗಿ ಬೀಳಲಿ ಎಂದು ಕಿಟಕಿಯ ಹತ್ತಿರ ಹಿಡಿದು ತೆಗೆದಿದ್ದರು. ನಮ್ಮ ಗುಂಪಿನಲ್ಲಿ ನಲವತ್ತಕ್ಕೂ ಜಾಸ್ತಿ ಜನ ಇದ್ದಾರೆ. ಕೆಲವು ನಂಬರು ಯಾರದ್ದು ಎಂದು ನನಗೇ ಗೊತ್ತಿಲ್ಲ. ನಾನು ಟೈಪ್ ಮಾಡಲಿಲ್ಲ, ನೇರ ಫೋನ್ ಮಾಡಿದೆ. "ಎಲ್ಲರಿಗೂ ಡಿಲೀಟ್" ಒತ್ತಿಸಿದೆ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದೆವು. ಲಿಂಕ್ ಒತ್ತಿದ್ದೀರಾ ಎಂದು ಕೇಳಿದೆ. "ಒತ್ತಿದೆ, ಏನೋ ಡೌನ್‌ಲೋಡ್ ಮಾಡು ಅಂತು, ಫೋನಿನಲ್ಲಿ ಜಾಗ ಇರಲಿಲ್ಲ" ಅಂದರು. ಮೊಮ್ಮಕ್ಕಳ ವಿಡಿಯೋ ತುಂಬಿದ್ದರಿಂದ ಅವರ ದುಡ್ಡು ಉಳಿಯಿತು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ. ಚಿಪ್ಪಿನ ಕಥೆ, ತಿರುಪತಿ ಬಾಡಿಗೆ, ಯಾರು ಯಾರಿಗೆ ಮರ್ಯಾದೆ ಕೊಡಲಿಲ್ಲ ಎಂಬುದು, ಇವೆಲ್ಲದರ ಮೇಲೆ ಎಪ್ಪತ್ತು ಎಂಬತ್ತು ಮೆಸೇಜು. ಲಿಂಕಿನ ಬಗ್ಗೆ ಒಂದೂ ಇಲ್ಲ. ಮೂಲ ಕೇಳಿದ ತಮ್ಮನೂ "ಒತ್ತಬೇಡಿ" ಎಂಬ ಒಂದು ಮಾತು ಬರೆದಿರಲಿಲ್ಲ. ಅವನಿಗೆ ದೊಡ್ಡಪ್ಪನ ಮಾತು ಸುಳ್ಳಾಗಬೇಕಿತ್ತು, ಅಷ್ಟೇ.

ನಾನು ಬರೆದೆ: ದಯವಿಟ್ಟು ಇದನ್ನೊಂದು ಪೂರ್ತಿ ಓದಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರು ಏರ್‌ಪೋರ್ಟಿನಲ್ಲೇ ಒಬ್ಬ ಮಹಿಳೆ "ಲಾಂಜ್ ಪಾಸ್" ಎಂಬ ನಕಲಿ ಆ್ಯಪ್ ಹಾಕಿಕೊಂಡು 87,000 ರೂಪಾಯಿಗೂ ಜಾಸ್ತಿ ಕಳೆದುಕೊಂಡರು. ಅವರ ಕೈಯಲ್ಲಿ ಕಾರ್ಡ್ ಇರಲಿಲ್ಲ, ಫೋನಿನಲ್ಲಿ ಕಾರ್ಡಿನ ಫೋಟೋ ಇತ್ತು. ಆ ಆ್ಯಪ್ ಫೋನಿಗೆ ಬರುವ ಎಸ್‌ಎಂಎಸ್ ಕದ್ದು ಕಳಿಸುತ್ತಿತ್ತು. ಒಟಿಪಿ ಕಳ್ಳರ ಕೈಗೆ ಹೋದ ಮೇಲೆ ಇನ್ನೇನು ಉಳಿಯಿತು? ಕ್ಲೌಡ್‌ಸೆಕ್ ಎಂಬ ಸೈಬರ್ ಸುರಕ್ಷತಾ ಕಂಪನಿ ಇದನ್ನು ಹುಡುಕಿ ನೋಡಿದಾಗ, ಆ ವರ್ಷದ ಜುಲೈ ಆಗಸ್ಟ್ ತಿಂಗಳಲ್ಲೇ ಸುಮಾರು 450 ಜನ ಅದನ್ನು ಹಾಕಿಕೊಂಡಿದ್ದರು, 9 ಲಕ್ಷಕ್ಕೂ ಜಾಸ್ತಿ ದುಡ್ಡು ಹೋಗಿತ್ತು. ಲಾಂಜಿಗೆ ಹೋಗಲು ಯಾರೋ ಕಳಿಸಿದ ಲಿಂಕ್ ಬೇಕಿಲ್ಲ. ಬಾಗಿಲಲ್ಲಿ ಕಾರ್ಡ್ ಮತ್ತು ಬೋರ್ಡಿಂಗ್ ಪಾಸ್ ತೋರಿಸಬೇಕು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಮ್ಮ: ನಾನೂ ಅದನ್ನೇ ಹೇಳಿದ್ದು.

ದೊಡ್ಡಪ್ಪ: ನೀನು ಹೇಳಿದ್ದು ಚಿಪ್ಪಿನ ವಿಷಯ.

ಎರಡು ರೂಪಾಯಿ ಎಂಬುದು ಪೂರ್ತಿ ಸುಳ್ಳೂ ಅಲ್ಲ. ಕಾರ್ಡ್ ಸರಿಯಿದೆಯಾ ಎಂದು ನೋಡಲು ಉಜ್ಜಿದಾಗ ಅಷ್ಟು ಕತ್ತರಿಸುವುದು ಉಂಟು. ಕೆಲವು ರುಪೇ ಪ್ಲಾಟಿನಂ ಡೆಬಿಟ್ ಕಾರ್ಡುಗಳಿಗೆ ಮೂರು ತಿಂಗಳಿಗೊಮ್ಮೆ ಲಾಂಜ್ ಸಿಗುತ್ತದೆ. ಎಲ್ಲ ರುಪೇ ಕಾರ್ಡಿಗೂ ಇಲ್ಲ, ಪಿಂಚಣಿ ಖಾತೆಗೆ ಕೊಡುವ ಸಾದಾ ಕಾರ್ಡಿಗಂತೂ ಇಲ್ಲ. ಕ್ರೆಡಿಟ್ ಕಾರ್ಡಿನವರಿಗೆ ಈಗ ಇನ್ನೊಂದು ಕೊಕ್ಕೆ. ಐಸಿಐಸಿಐ ಬ್ಯಾಂಕಿನ ಹಲವು ಕಾರ್ಡುಗಳಲ್ಲಿ 2024ರ ಏಪ್ರಿಲ್‌ನಿಂದ, ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚು ಮಾಡಿದ್ದರೆ ಮಾತ್ರ ಲಾಂಜ್ ಎಂಬ ನಿಯಮ ಬಂತು, ಅದೇ ವರ್ಷದ ನವೆಂಬರ್‌ನಲ್ಲಿ ಅದು 75,000ಕ್ಕೆ ಏರಿತು. ಬೇರೆ ಬ್ಯಾಂಕುಗಳೂ ಇಂಥದ್ದೇ ಮಾಡಿವೆ.

ದೊಡ್ಡ ವಿಷಯ ಇದಲ್ಲ. ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರೊಬ್ಬರಿಗೇ ಬಿಟ್ಟಿ. "ಇಡೀ ಕುಟುಂಬಕ್ಕೆ" ಎಂಬ ಮಾತು ಬಿದ್ದುಹೋಗುವುದು ಇಲ್ಲಿ. ನಮ್ಮಲ್ಲಿ ಕಾರ್ಡ್ ನಡೆಯುವುದು ತಮ್ಮನಿಗೆ, ಅಕ್ಕನಿಗೆ, ನನಗೆ. ಇದರಲ್ಲಿ ಇಬ್ಬರು ಗೇಟಿನ ಹತ್ತಿರ ನೆಲದ ಮೇಲೆ ಕೂತರೂ ನಡೆಯುತ್ತದೆ. ನಿಜವಾಗಿ ಸೋಫಾ ಬೇಕಾಗಿರುವುದು ಮಂಡಿ ನೋವಿನ ಅಜ್ಜಿಗೆ, ನಿದ್ದೆಗೆಟ್ಟು ಅಳುವ ಕೂಸಿಗೆ. ಅವರ ಹೆಸರಿನಲ್ಲಿ ಯಾವ ಕಾರ್ಡೂ ಇಲ್ಲ. ಕೂಸಿಗೆ ಚಿಂತೆಯಿಲ್ಲ, ಎರಡು ವರ್ಷದೊಳಗಿನ ಮಗುವಿಗೆ ಬಹುತೇಕ ಕಡೆ ದುಡ್ಡು ಕೇಳುವುದಿಲ್ಲ. ಅಜ್ಜಿಗೆ ದುಡ್ಡು ಕೊಟ್ಟೇ ಹೋಗಬೇಕು, ಒಬ್ಬರಿಗೆ ಸಾವಿರ ರೂಪಾಯಿ ದಾಟುತ್ತದೆ. ಈ ಫಾರ್ವರ್ಡ್ ನಂಬಿ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಅಲ್ಲಿಯ ತನಕ ತಳ್ಳಿಕೊಂಡು ಹೋಗಿ, ಎಲ್ಲರೆದುರು "ಇದು ನಡೆಯಲ್ಲ" ಎಂದು ಹೇಳಿಸಿಕೊಳ್ಳುವುದು ನನಗೆ ಬೇಡ. ಇದನ್ನೂ ಗುಂಪಿಗೆ ಬರೆದೆ.

ದೊಡ್ಡಪ್ಪ ಬಿಡಲಿಲ್ಲ. ಏರ್‌ಪೋರ್ಟಿನಲ್ಲಿ ಈಗ ಹತ್ತು ರೂಪಾಯಿಗೆ ಟೀ ಕೊಡುತ್ತಾರೆ, ಅದಾದರೂ ನಿಜವಾ ಎಂದರು. ನಿಜ. ಉಡಾನ್ ಯಾತ್ರಿ ಕೆಫೆ ಎಂದು 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಶುರುವಾಯಿತು. ಟೀ 10, ನೀರು 10, ಸಮೋಸ 20 ರೂಪಾಯಿ. ಆಮೇಲೆ ಚೆನ್ನೈಗೂ ಬಂತು. ದೊಡ್ಡಪ್ಪ ಓದಿದ್ದು ಕೋಲ್ಕತ್ತಾದ ಸುದ್ದಿ, ನಾವು ಹತ್ತುವುದು ದೇವನಹಳ್ಳಿಯಲ್ಲಿ. ಆದರೂ ಅವರ ಒಂದು ಮಾತಾದರೂ ಸರಿಯಾಯಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಅವರು ಆ ಫಾರ್ವರ್ಡ್ ಹಾಕಿದ್ದು ಅಜ್ಜಿ ಆರಾಮಾಗಿ ಕೂರಲಿ ಎಂದೇ.

ಅತ್ತೆ: ಅಮ್ಮನದ್ದು ನಾನು ಕೊಡುತ್ತೇನೆ. ತಿರುಪತಿ ಲೆಕ್ಕ ಬೇರೆ.

ಚಿಕ್ಕಪ್ಪ: ಅಮ್ಮ ನಿನಗೊಬ್ಬಳಿಗೇನಾ? ಅರ್ಧ ನಾನು ಹಾಕುತ್ತೇನೆ.

ಇದರ ಮೇಲೆ ಮತ್ತೆ ಇಪ್ಪತ್ತು ಮೆಸೇಜು. ಅಜ್ಜಿ ಮಾತ್ರ ಅಕ್ಕನ ಫೋನಿನಿಂದ ಎರಡೇ ಪ್ರಶ್ನೆ ಕೇಳಿದರು. ಅಲ್ಲಿ ಮಾತ್ರೆಗೆ ಬಿಸಿನೀರು ಸಿಗುತ್ತದಾ, ಬಚ್ಚಲು ಹತ್ತಿರ ಇದೆಯಾ. ಕಾಫಿ ಟೀ ಇಟ್ಟಿರುವ ಕಡೆ ಬಿಸಿನೀರು ಇರುತ್ತದೆ, ಬಚ್ಚಲು ಎಲ್ಲಿ ಎಂದು ನಾನು ಫೋನ್ ಮಾಡಿ ಕೇಳಿಡುತ್ತೇನೆ ಎಂದೆ.

ಕೊನೆಗೆ ಆದದ್ದು ಇಷ್ಟು. ಅಜ್ಜಿ, ಅಕ್ಕ, ಎರಡು ಮಕ್ಕಳು ಲಾಂಜಿಗೆ. ಅಕ್ಕ ತನ್ನ ಕಾರ್ಡಿನಲ್ಲಿ, ಅಜ್ಜಿಗೂ ದೊಡ್ಡ ಮಗುವಿಗೂ ಎಷ್ಟು ಕೇಳುತ್ತಾರೋ ಅಷ್ಟು ಕೊಟ್ಟು. ಉಳಿದ ಐದು ಜನ ಗೇಟಿನ ಹತ್ತಿರ, ಚಪಾತಿ ಮತ್ತು ಚಟ್ನಿಪುಡಿ. ದೊಡ್ಡಮ್ಮ ಕಾಶಿಯ ಪೂಜೆಗೆ ಒಣ ಕೊಬ್ಬರಿ ಬಟ್ಟಲು ಕಟ್ಟಿಟ್ಟಿದ್ದರು. ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ, ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹತ್ತುವ ವಸ್ತು ಎಂದು 2022ರ ಮಾರ್ಚ್‌ನಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ ಎಂದು ತಮ್ಮ ಬರೆದ. ಈ ಸಲ ನಿಯಮದ ಫೋಟೋ ಜೊತೆಗೇ ಹಾಕಿದ. ದೊಡ್ಡಮ್ಮ ಅಲ್ಲೇ ಕೊಂಡುಕೊಳ್ಳುತ್ತಾರಂತೆ.

ದೊಡ್ಡಪ್ಪ ಮಧ್ಯಾಹ್ನ ಆ ಲಿಂಕ್ ಅಳಿಸಿದರು. ತಮಗೆ ಕಳಿಸಿದ ಸ್ನೇಹಿತರಿಗೂ ಫೋನ್ ಮಾಡಿ ಹೇಳಿದರಂತೆ. ಚಿಕ್ಕಮ್ಮನ ಹೊಸ ಕಾರ್ಡ್ ಇನ್ನೂ ಅಂಚೆಯಲ್ಲಿದೆ. ಹೊರಡುವ ಮೊದಲು ಬರದಿದ್ದರೆ ಕೈಯಲ್ಲಿ ನಗದು ಇಟ್ಟುಕೊಂಡು ಬರುತ್ತೇನೆ ಎಂದಿದ್ದಾರೆ.