ಮಾಬೋ ತೀರ್ಪು, ಚಿಂಚೋಳಿ ತಾಂಡಾದ ಅರಣ್ಯ ಅರ್ಜಿ: ಹಿರಿಯರ ಮಾತಿಗೆ ಎಷ್ಟು ಬೆಲೆ?

ಮುಲ್ಲಾಮಾರಿ:
ಮಾಬೋ ಕೇಸ್ (ಎಡ್ಡಿ ಮಾಬೋ ಮತ್ತಿತರರು ತಮ್ಮ ನೆಲದ ಹಕ್ಕಿಗಾಗಿ ಹೂಡಿದ ದಾವೆ) ಗೆದ್ದ ಮೇಲೆ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಭೂಮಿ ವಾಪಸ್ ಬಂತು ಅಂತ ಎಲ್ಲ ಕಡೆ ಬರೀತಾರೆ. ನಿಜವಾಗಿ ಬಂದದ್ದೆಷ್ಟು? ಇನ್ನೊಂದು, ಚಿಂಚೋಳಿ ಅರಣ್ಯದ ಅಂಚಿನ ಲಂಬಾಣಿ ತಾಂಡಾದವರು 75 ವರ್ಷದ ಕಾಗದ ಇಲ್ಲದೆ ಬರೀ ಹಿರಿಯರ ಮಾತಿನ ಮೇಲೆ ಸಾಗುವಳಿ ಹಕ್ಕು ಕೇಳಬಹುದಾ? ಹಕ್ಕುಪತ್ರ ಆಗಲೇ ಕೊಟ್ಟಾಗಿದೆಯಲ್ಲ ಅಂತಲೂ ಕೆಲವರು ಅಂತಾರೆ.

ಕಾಗಿಣಾ:
ಮೊದಲಿಗೆ, ಎಡ್ಡಿ ಮಾಬೋ ಟಾರೆಸ್ ಜಲಸಂಧಿಯ ಮೇರ್ ದ್ವೀಪದವರು, ಮುಖ್ಯಭೂಮಿಯವರಲ್ಲ. 1992ರ ಜೂನ್ 3ರಂದು ತೀರ್ಪು ಬರುವಷ್ಟರಲ್ಲಿ ತೀರಿಕೊಂಡಿದ್ದರು. 'ಯಾರದೂ ಅಲ್ಲದ ನೆಲ' ಎಂಬ ಹಳೇ ವಾದವನ್ನು ಕೋರ್ಟು ತಳ್ಳಿಹಾಕಿತು, ನಿಜ. ಆದರೆ ಸರ್ಕಾರ ಖಾಸಗಿಯವರಿಗೆ ಪೂರ್ತಿ ಒಡೆತನಕ್ಕೆ ಕೊಟ್ಟ ಜಮೀನಿನಲ್ಲಿ ಮೂಲ ಹಕ್ಕು ಅಳಿದುಹೋಯಿತು ಅಂತಲೂ ಅದೇ ತೀರ್ಪು ಹೇಳಿತು. ಈ ತೀರ್ಪಿನ ನಂತರ ಬಂದ 1993ರ ಮೂಲ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕುವವರು, ಬ್ರಿಟಿಷರು ಬಂದಾಗಿನಿಂದ ತಮ್ಮ ಸಂಪ್ರದಾಯ, ನೆಲದ ನಂಟು ಕಡಿಯದೆ ನಡೆದುಬಂದಿದೆ ಎಂದು ತೋರಿಸಬೇಕು. ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಜನ 2002ರಲ್ಲಿ ಸೋತದ್ದು ಇಲ್ಲೇ. ವಿಚಾರಣಾ ನ್ಯಾಯಾಧೀಶರು ಅವರ ಬಾಯಿಮಾತಿಗಿಂತ 19ನೇ ಶತಮಾನದ ಬಿಳಿಯ ವಲಸಿಗ ಎಡ್ವರ್ಡ್ ಕರ್ ಬರೆದಿಟ್ಟದ್ದಕ್ಕೆ ಹೆಚ್ಚು ತೂಕ ಕೊಟ್ಟಿದ್ದರು. ಒಕ್ಕಲೆಬ್ಬಿಸಿದವರ ದಿನಚರಿಯನ್ನೇ ಒಕ್ಕಲೆದ್ದವರ ವಿರುದ್ಧ ಸಾಕ್ಷಿ ಮಾಡಿದಂತೆ!
ನನ್ನ ಲೆಕ್ಕದಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗವಾದ ನಾರ್ದರ್ನ್ ಟೆರಿಟರಿಯ 1976ರ ಮೂಲನಿವಾಸಿ ಭೂಹಕ್ಕು ಕಾಯ್ದೆಯೇ ಗಟ್ಟಿ. ಮಾರಲು ಬಾರದ ಒಡೆತನ, ಗಣಿಗಾರಿಕೆ ಬೇಡ ಅನ್ನುವ ಅಧಿಕಾರ ಎರಡೂ ಅದರಲ್ಲಿವೆ. ಅದರ ಬೇರು 1966ರಲ್ಲಿ ವೇವ್ ಹಿಲ್ ದನದ ಫಾರ್ಮು ಬಿಟ್ಟು ಹೊರನಡೆದ ಗುರಿಂಜಿ ಕೂಲಿಗಳ ಮುಷ್ಕರದಲ್ಲಿದೆ.

ಮಾಂಜ್ರಾ:
ಅಲ್ಲಿಗಿಂತ ಇಲ್ಲಿ ಒಂದು ಅನುಕೂಲ ಅದ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆದ 13ನೇ ನಿಯಮದಾಗ ಹಿರಿಯರ ಹೇಳಿಕೆನೂ ಪುರಾವೆ. ಆದ್ರ ಬರಹದಾಗ ಇರಬೇಕು, ಹೇಳವರು ಅರ್ಜಿದಾರ ಆಗಿರಬಾರದು. ಅದೊಂದ್ರ ಮ್ಯಾಲೇ ಬಿಡಬ್ಯಾಡ್ರಿ, ಒಂದಕ್ಕಿಂತ ಹೆಚ್ಚು ಪುರಾವೆ ನೋಡಬೇಕಂತ ನಿಯಮ. ಹಳೆ ಬಾವಿ, ಸುಡುಗಾಡು, ದೇವರ ಕಟ್ಟೆ, ಹಾಕಿದ ಒಡ್ಡು, ವಂಶಾವಳಿ, ಎಲ್ಲಾ ನಡೀತಾವ.
ಲಂಬಾಣಿಗರು ಕರ್ನಾಟಕದಾಗ ಪರಿಶಿಷ್ಟ ಜಾತಿ, ಪಂಗಡ ಅಲ್ಲ. ಹಂಗಾಗಿ 'ಇತರೆ ಪಾರಂಪರಿಕ ಅರಣ್ಯವಾಸಿ' ಅಂತ ಅರ್ಜಿ, ಅಂಥವರಿಗಿ 75 ವರ್ಷದ ಷರತ್ತು ಅದ. 2005ರ ಡಿಸೆಂಬರ್ 13ರಿಂದ ಹಿಂದಕ್ಕ 75 ವರ್ಷ ಎಣಿಸಿದ್ರ 1930, ನಿಜಾಂ ಕಾಲ. ಕನ್ನಡ ಪಹಣಿ ಹುಡುಕ್ಕೋತ ಕುಂತ್ರ ಏನು ಸಿಗ್ತದ? ಉರ್ದು ಕಾಗದ ತೆಗಸ್ರಿ, ಹಳೆ ಸಂಸ್ಥಾನದ ದಾಖಲೆನೂ ಅದೇ ನಿಯಮದಾಗ ಅದ. ಮತ್ತ 75 ವರ್ಷ ತೋರಸಬೇಕಾದ್ದು ಅರಣ್ಯದಾಗಿನ ವಾಸ, ಅವಲಂಬನೆ. ಅದೇ ಹೊಲ 75 ವರ್ಷ ಉತ್ತೀರೇನು ಅಂತ ಕಾಯ್ದೆ ಕೇಳಂಗಿಲ್ಲ. ಹೊಲದ ಕಬ್ಜಾ 2005ರ ಆ ತಾರೀಖಿಗಿಂತ ಮೊದಲಿಂದು ಇರಬೇಕು, ಸಿಗದು ಹೆಚ್ಚಂದ್ರ 4 ಹೆಕ್ಟೇರ್.
ಬೀದರಿನ ಗೊಂಡರು ಪಂಗಡದ ಪಟ್ಟಿದಾಗ ಇದ್ದಾರ, ಅವರಿಗಿ ಈ 75ರ ಗೋಜೇ ಇಲ್ಲ.

ಮುಲ್ಲಾಮಾರಿ:
ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣಲ್ಲ ಅಂತ ತಿರಸ್ಕರಿಸಿದರೆ?

ಮಾಂಜ್ರಾ:
ಆಗಂಗಿಲ್ಲ. 2012ರ ತಿದ್ದುಪಡಿ ಪ್ರಕಾರ ಆ ಚಿತ್ರ ಬ್ಯಾರೆ ಪುರಾವೆಗಿ ಪೂರಕ ಅಷ್ಟೇ, ಬದಲಿ ಅಲ್ಲ. ಇಂಥಾದೇ ಕಾಗದ ತರ್ರಿ ಅಂತ ಗ್ರಾಮಸಭೆ ಠರಾವು ಪರಿಶೀಲಿಸೋ ಉಪವಿಭಾಗ ಸಮಿತಿ ಹಟ ಮಾಡಂಗೂ ಇಲ್ಲ. ತಿರಸ್ಕಾರದ ಕಾರಣ ಬರಹದಾಗ ಇಸ್ಕೋರಿ. ಅಲ್ಲಿಂದ 60 ದಿನದೊಳಗ ಜಿಲ್ಲಾ ಸಮಿತಿಗಿ ಮೇಲ್ಮನವಿ.
ಖರೇ ಅಂದ್ರ ಅರ್ಜಿ ಕೆಡೋದು ಗ್ರಾಮಸಭೆದಾಗೇ. ಸದಸ್ಯರಾಗ ಅರ್ಧ ಜನ ಬರಬೇಕು, ಬಂದವರಾಗ ಮೂರನೇ ಒಂದು ಪಾಲು ಹೆಣ್ಮಕ್ಕಳು, ಅರ್ಜಿದಾರರಾಗ ಅರ್ಧ ಮಂದಿರೆ ಹಾಜರಿರಬೇಕು. ಕೋರಂ ಇಲ್ಲದ ಠರಾವು ಮುಂದ ನಿಲ್ಲಂಗಿಲ್ಲ. ಸುಗ್ಗಿಗಿ ಇಲ್ಲಾ ಮುಂಬೈಗಿ ಜನ ಹೋದ ಟೈಮಿನಾಗ ಸಭೆ ಕರೀಬ್ಯಾಡ್ರಿ.

ಭೀಮಾತೀರ:
ಹಕ್ಕುಪತ್ರದ ಮಾತಿಗೆ: 2023ರ ಜನವರಿ 19ರಂದು ಮಳಖೇಡದಲ್ಲಿ ಹಂಚಿದ್ದು ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿದ್ದರ ಹಕ್ಕುಪತ್ರ, ಅಂದರೆ ಮನೆ ಜಾಗದ್ದು. ಅರಣ್ಯದ ಹೊಲಕ್ಕೆ ಅದು ಲಗಾವಾಗಲ್ಲ, ಅರಣ್ಯ ಹಕ್ಕಿನ ಅರ್ಜಿ ನಮೂನೆ-ಎ ಬೇರೆಯೇ ಹಾಕಬೇಕು. ಆದರೆ ಜೆರಾಕ್ಸ್ ಲಗತ್ತಿಸಿ, ವಾಸದ ಪುರಾವೆಗೆ ಆಗುತ್ತದೆ.