ಲಿವರ್ ಆರ್ಮ್ ಶಾಕ್ ಅಬ್ಸಾರ್ಬರ್: ಅದು ‘ಹೀರುತ್ತದೆ’ ಎನ್ನಬಹುದೇ?

ಇಂಗ್ಲೆಂಡಿನ ಹಳೆಯ ಮಾರಿಸ್ ಮೈನರ್ ಕಾರಿನ ದುರಸ್ತಿಯ ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಪದದ ಬಳಿ ಬರವಣಿಗೆ ನಿಂತುಬಿಟ್ಟಿದೆ. ಬಲ್ಲವರ ಅಭಿಪ್ರಾಯ ಬೇಕು. 1948ರಲ್ಲಿ ಬಂದ ಈ ಕಾರಿನಲ್ಲಿ, ಹಾಗೆಯೇ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನಲ್ಲಿ, ಒಂದರೊಳಗೊಂದು ಜಾರುವ ಕೊಳವೆಗಳ ಈಗಿನ ಬಗೆಯ ಶಾಕ್ ಅಬ್ಸಾರ್ಬರ್ ಇಲ್ಲ. ಕಾರಿನ ಮೈಗೆ ಬೋಲ್ಟು ಹಾಕಿ ಕೂರಿಸಿದ ಒಂದು ಎರಕದ ಪೆಟ್ಟಿಗೆಯೂ ಅದರಿಂದ ಹೊರಚಾಚಿದ ಒಂದು ತೋಳೂ ಇವೆ. ಇದನ್ನೇ ಲಿವರ್ ಆರ್ಮ್ ಶಾಕ್ ಅಬ್ಸಾರ್ಬರ್ ಎನ್ನುವುದು.

ಶಾಕ್ ಅಬ್ಸಾರ್ಬರ್ ಎಂಬುದನ್ನು ಪದಶಃ ‘ಆಘಾತ ಹೀರಕ’ ಎಂದು ಬರೆದು ಹೊಡೆದುಹಾಕಿದೆ. ‘ಆಘಾತ ಶೋಷಕ’ ಎಂದರೆ ಓದುಗನಿಗೆ ಮೊದಲು ನೆನಪಾಗುವವನು ಜಮೀನ್ದಾರ. ಆದರೆ ನನ್ನ ತಕರಾರು ರೂಪದ ಬಗ್ಗೆ ಅಲ್ಲ, ಅರ್ಥದ ಬಗ್ಗೆ. ಗುಂಡಿಗೆ ಬಿದ್ದ ಚಕ್ರದ ಹೊಡೆತವನ್ನು ತಾಳಿಕೊಳ್ಳುವುದು ಸ್ಪ್ರಿಂಗು, ಅಂದರೆ ನಮ್ಮ ಲಾರಿಯವರು ಪಾಟಾ ಅಥವಾ ಕಮಾನು ಪಟ್ಟಿ ಎನ್ನುವ ಭಾಗ. ತಾಳಿಕೊಂಡ ಸ್ಪ್ರಿಂಗು ಸುಮ್ಮನಿರದೆ, ಕೈಬಿಟ್ಟ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಆ ತೂಗಾಟಕ್ಕೆ ಅಡ್ಡ ಕೈ ಇಡುವುದಷ್ಟೇ ಈ ಪೆಟ್ಟಿಗೆಯ ಕೆಲಸ. ಬ್ರಿಟಿಷ್ ಎಂಜಿನಿಯರುಗಳು ಇದನ್ನು ‘ಡ್ಯಾಂಪರ್’, ಅಂದರೆ ಅಡಗಿಸುವ ಸಾಧನ, ಎನ್ನುವುದೂ ಇದೇ ಕಾರಣಕ್ಕೆ.

ಒಳಗೆ ನಡೆಯುವುದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚಕ್ರ ಮೇಲೇರಿದಾಗ ತೋಳು ತಿರುಗುತ್ತದೆ, ತೋಳಿನೊಂದಿಗೆ ಪೆಟ್ಟಿಗೆಯೊಳಗಿನ ದಂಡವೂ ತಿರುಗುತ್ತದೆ, ಆ ದಂಡಕ್ಕೆ ಕಚ್ಚಿಕೊಂಡ ಗಿಡ್ಡ ತುಂಡು ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿರುವ ಪಿಸ್ಟನ್ನುಗಳಲ್ಲಿ ಒಂದನ್ನು ಒತ್ತಿ ಇನ್ನೊಂದನ್ನು ಎಳೆಯುತ್ತದೆ. ಆಗ ಎಣ್ಣೆ ಸಣ್ಣ ವಾಲ್ವಿನ ಮೂಲಕ ಒಂದು ಸಿಲಿಂಡರಿನಿಂದ ಮತ್ತೊಂದಕ್ಕೆ ನುಸುಳಿಕೊಂಡೇ ಹೋಗಬೇಕು. ಎಷ್ಟು ಬೇಗ ತಳ್ಳಿದರೆ ಅಷ್ಟು ಹೆಚ್ಚು ಅದು ತಡೆಯುತ್ತದೆ, ಚಲನೆ ಬಿಸಿಯಾಗಿ ಪೆಟ್ಟಿಗೆಯ ಮೈಯಿಂದ ಗಾಳಿಗೆ ಹೋಗುತ್ತದೆ. ಹೀರಿದ್ದು ಒಳಗೆ ಉಳಿಯಬೇಕಲ್ಲವೇ? ಇಲ್ಲಿ ಏನೂ ಉಳಿಯುವುದಿಲ್ಲ. ಇದಕ್ಕೂ ಹಿಂದಿನ ಹಾರ್ಟ್‌ಫರ್ಡ್ ಮಾದರಿಯಲ್ಲಿ ಎಣ್ಣೆಯೇ ಇರಲಿಲ್ಲ, ಬಿಲ್ಲೆಗಳು ಒಂದಕ್ಕೊಂದು ಉಜ್ಜಿಕೊಂಡು ಇದೇ ಕೆಲಸ ಮಾಡುತ್ತಿದ್ದವು. ಅದಕ್ಕೆ ‘ಹೀರು’ ಇನ್ನೂ ದೂರದ ಮಾತು.

ಆದ್ದರಿಂದ ನಾನು ಸದ್ಯಕ್ಕೆ ಹೀಗೆ ಮಾಡಿದ್ದೇನೆ. ವಸ್ತುವಿನ ಹೆಸರು ಶಾಕ್ ಅಬ್ಸಾರ್ಬರ್ ಎಂದೇ ಇರಲಿ, ಗ್ಯಾರೇಜಿನಲ್ಲಿ ಬೇರೆ ಹೆಸರು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅದು ಮಾಡುವ ಕೆಲಸವನ್ನು ವಿವರಿಸುವಾಗ ‘ಹೀರುತ್ತದೆ’ ಎನ್ನದೆ ‘ತೂಗಾಟವನ್ನು ಅಡಗಿಸುತ್ತದೆ’ ಎಂದು ಬರೆದಿದ್ದೇನೆ. ಡ್ಯಾಂಪಿಂಗಿಗೆ ಭೌತವಿಜ್ಞಾನದ ‘ಅವಮಂದನ’ ತಪ್ಪಲ್ಲ, ಆದರೆ ಮಂದ ಎಂದಾಗ ವೇಗ ತಗ್ಗಿದ ಹಾಗೆ ಕೇಳಿಸುತ್ತದೆ. ಬಾರಿಸಿದ ಗಂಟೆಯ ಮೇಲೆ ಅಂಗೈ ಇಟ್ಟಾಗ ಆಗುವುದು ಅಡಗುವಿಕೆಯೇ.

‘ಲಿವರ್ ಆರ್ಮ್’ ಎಂಬುದಕ್ಕೆ ‘ಸನ್ನೆತೋಳು’ ಎನ್ನಬಹುದಿತ್ತು. ಹೊರಗಿನ ಉದ್ದನೆಯ ತೋಳು ಹೆಚ್ಚು ಚಲಿಸಿ, ಒಳಗಿನ ಗಿಡ್ಡ ತುಂಡು ಕಡಿಮೆ ದೂರದಲ್ಲಿ ಹೆಚ್ಚು ಬಲದಿಂದ ಒತ್ತುವುದರಿಂದ ಪಾಠಪುಸ್ತಕದ ಸನ್ನೆ ಇಲ್ಲಿ ನಿಜವಾಗಿಯೂ ಇದೆ. ಆದರೂ ಸನ್ನೆತೋಳು ಎಂದೊಡನೆ ಯಾರೋ ಕೈಬೀಸಿ ಕರೆದಂತಾಗುತ್ತದೆ. ಬರೀ ‘ತೋಳಿನ ಶಾಕ್ ಅಬ್ಸಾರ್ಬರ್’ ಸಾಕೆಂದು ನನ್ನ ಮತ. ಮೈನರ್ ಮತ್ತು ಎಂಜಿಬಿಗಳ ಮುಂಭಾಗದಲ್ಲಂತೂ ಈ ತೋಳು ಪಿಸ್ಟನ್ನನ್ನು ಒತ್ತುವುದಷ್ಟೇ ಅಲ್ಲದೆ, ಚಕ್ರವನ್ನು ಮೇಲಿನಿಂದ ಹಿಡಿದು ನಿಲ್ಲಿಸುವ ಅಂಗವೂ ಹೌದು; ದಂಡದ ಬೇರಿಂಗು ಸವೆದರೆ ಎಣ್ಣೆ ಸೋರುವುದರ ಜೊತೆಗೆ ಚಕ್ರದ ವಾಲುವಿಕೆಯೂ ಕೆಡುತ್ತದೆ.

ಇನ್ನು ಬಿಡಿಸಲಾಗದೆ ಉಳಿದ ಪದ. ಹಿಂಚಕ್ರದ ಶಾಕ್ ಅಬ್ಸಾರ್ಬರಿನ ಕೊಂಡಿ ಕಳಚಿ ತೋಳನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದರೆ ಉದ್ದಕ್ಕೂ ಒಂದೇ ಸಮನಾದ ಬಿಗಿ ಸಿಗಬೇಕು. ಎಣ್ಣೆ ಇಳಿದು ಗಾಳಿ ಸೇರಿದ್ದರೆ ನಡುವೆ ಒಂದೆರಡು ಅಂಗುಲ ತೋಳು ಏನೂ ತಡೆಯಿಲ್ಲದೆ ಜಾರಿಬಿಡುತ್ತದೆ, ಆಮೇಲೆ ಥಟ್ಟನೆ ಬಿಗಿ ಹಿಡಿಯುತ್ತದೆ. ಮುಚ್ಚಳದ ಸುತ್ತಲಿನ ಮಣ್ಣು ಒರೆಸಿ, ಎಣ್ಣೆ ತುಂಬಿ, ತೋಳನ್ನು ಹತ್ತಾರು ಸಲ ಆಡಿಸಿದರೆ ಅದು ಸರಿಹೋಗುವುದುಂಟು. ಆ ತಡೆಯಿಲ್ಲದ ಜಾಗಕ್ಕೆ ‘ಆಟ’ ಎನ್ನಲಾಗದು, ಏಕೆಂದರೆ ಆಟ ಎಂದರೆ ಬೇರಿಂಗು ಸವೆದು ಬಂದ ಸಡಿಲ. ಕಾಳಿಲ್ಲದ ಹೊಟ್ಟನ್ನು ನೆನೆದು ನಾನು ‘ಪೊಳ್ಳು’ ಎಂದು ಬರೆದಿದ್ದೇನೆ. ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಇದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ.