ಅಪ್‌ಡೇಟ್: ಬಾಸ್ ಗಿಟಾರ್‌ನ ಹಮ್ ಹೋಯಿತು, ಪ್ರೀಆಂಪ್ ಹೊರಗೇ ಉಳಿಯಿತು

ನನ್ನ ಜಾಝ್ ಬಾಸ್‌ನಲ್ಲಿ (ಎರಡು ಪಿಕಪ್ ಇರುವ ಒಂದು ಬಗೆಯ ಬಾಸ್ ಗಿಟಾರ್) ಹಮ್, ಅಂದರೆ ಗುಂಯ್ ಎನ್ನುವ ಕರೆಂಟಿನ ಸದ್ದು, ಜಾಸ್ತಿ; ಬ್ಯಾಂಡ್ ಜೊತೆ ನುಡಿಸಿದರೆ ನನ್ನ ಬಾಸ್ ಕೇಳಿಸುವುದೇ ಇಲ್ಲ; ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಿಸಲೋ ಒಳಗೆ ಪ್ರೀಆಂಪ್ (ಸಿಗ್ನಲ್ ಏರಿಸಿ ದನಿ ತಿದ್ದುವ ಸರ್ಕ್ಯೂಟ್) ಹಾಕಿಸಲೋ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಗ್ರೌಂಡ್ (ಅರ್ತಿಂಗ್ ಕನೆಕ್ಷನ್) ನೋಡಿ ಅಂದಿದ್ದಿರಿ ಅಲ್ವಾ, ಅದೇ ನಿಜವಾಯಿತು. ತಂತಿ ಮುಟ್ಟಿದರೂ ಹಮ್ ಇಳಿಯುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಗ್ರೌಂಡ್ ವೈರ್, ತಂತಿಗಳ ಬುಡ ಹಿಡಿದಿರುವ ಲೋಹದ ಬ್ರಿಡ್ಜ್‌ಗೆ ತಾಗುತ್ತಲೇ ಇರಲಿಲ್ಲ. ಅದನ್ನು ಸರಿಮಾಡಿದೆ. ಒಳಗಿನ ಗೂಡಿಗೆಲ್ಲ ತಾಮ್ರದ ಟೇಪ್ ಅಂಟಿಸಿ, ಅದನ್ನೂ ಗ್ರೌಂಡ್‌ಗೆ ಸೋಲ್ಡರ್ ಮಾಡಿದೆ. ಸದ್ದು ಬಹಳ ಮಟ್ಟಿಗೆ ನಿಂತಿತು.

ಪೂರ್ತಿ ಅಲ್ಲ. ಎರಡೂ ಪಿಕಪ್‌ಗಳ ವಾಲ್ಯೂಮ್ ಪೂರ್ತಿ ತೆರೆದಾಗ ಹಮ್ ಇಲ್ಲ, ಯಾಕಂದರೆ ಎರಡು ಪಿಕಪ್‌ಗಳಲ್ಲಿ ವೈರ್ ಸುತ್ತಿದ ದಿಕ್ಕೂ ಮ್ಯಾಗ್ನೆಟ್ಟೂ ಒಂದಕ್ಕೊಂದು ಉಲ್ಟಾ. ಒಂದರ ಹಮ್ಮನ್ನು ಇನ್ನೊಂದು ಅಳಿಸಿಹಾಕುತ್ತದೆ. ಆದರೆ ನನಗೆ ಇಷ್ಟ ಬ್ರಿಡ್ಜ್ ಪಕ್ಕದ ಪಿಕಪ್ ಒಂದರದ್ದೇ ಆ ಮೂಗಿನ ದನಿ, ಅದೊಂದನ್ನೇ ತೆರೆದರೆ ಹಮ್ ಮತ್ತೆ ಬರುತ್ತಿತ್ತು. ಅದಕ್ಕಾಗಿ ಅದೇ ಅಳತೆಯ, ಹಮ್ ತಾನೇ ಅಳಿಸಿಕೊಳ್ಳಲು ಒಳಗೆ ಎರಡು ಕಾಯಿಲ್ (ವೈರ್ ಸುರುಳಿ) ಇರುವ ಪಿಕಪ್ ಜೋಡಿ ಹಾಕಿದೆ. ಮೇಲಿನ ಕಿಣಿಕಿಣಿ ಸ್ವಲ್ಪ ಕಡಿಮೆ. ಆದರೂ ಬ್ರಿಡ್ಜ್ ಪಿಕಪ್ ಒಂದನ್ನೇ ನಿಶ್ಶಬ್ದವಾಗಿ ನುಡಿಸುವ ಖುಷಿ ಅದಕ್ಕಿಂತ ದೊಡ್ಡದು.

ಪ್ರೀಆಂಪ್ ಒಳಗೆ ಹಾಕಿಸಲಿಲ್ಲ. 9 ವೋಲ್ಟ್ ಬ್ಯಾಟರಿಗೋಸ್ಕರ ಮರ ಕೊರೆಯಲು ಮನಸ್ಸು ಬರಲಿಲ್ಲ. ಬದಲಿಗೆ ಹೊರಗೆ ನೆಲದ ಮೇಲಿಡುವ ಪೆಡಲ್ ಪ್ರೀಆಂಪ್ ತಗೊಂಡೆ. ಇಷ್ಟು ದಿನ ಸುಮ್ನೆ ಬಾಸ್ ನಾಬ್ ಏರಿಸುತ್ತಿದ್ದೆ, ಏರಿಸಿದಷ್ಟೂ ಕಿಕ್ ಡ್ರಮ್‌ನೊಳಗೆ ಮುಳುಗುತ್ತಿದ್ದೆ. ಈಗ ಬಾಸ್ ನಾಬ್ ಇಳಿಸಿ, 800 ಹರ್ಟ್ಸ್ ಸುತ್ತಲಿನ ಮಧ್ಯದ ದನಿಯನ್ನು ಸ್ವಲ್ಪ ಏರಿಸಿದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ!

ದನಿಯನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಕೊಳ್ಳುವುದು ಇನ್ನೂ ಬಾಕಿ. ಕೆಳಗಿನ ದನಿ ತೆಳುವಾಗದಂತೆ ಕ್ಲೀನ್ ಬ್ಲೆಂಡ್ (ಮೂಲ ದನಿಯನ್ನೂ ಬೆರೆಸುವ ನಾಬ್) ಇರುವುದನ್ನೇ ಹುಡುಕುತ್ತಿದ್ದೇನೆ.